‘ಮೈಕ್‌ಸೆಟ್ಟಿನವಗ ಎಂಥಾ ಓದು?’ ಅನ್ನುವವರಿಗೆ

ನವಲಗುಂದದ ಕಡೆಯ ಹುಡುಗನೊಬ್ಬ ಪಿಯುಸಿ ಮುಗಿಸಿ, ‘ನಾ ಸೌಂಡ್ ಎಂಜಿನಿಯರಿಂಗ್ ಓದ್ತೀನಿ’ ಅಂದ ಅನ್ನಿ. ಅಪ್ಪನ ಉತ್ತರ ತಯಾರಾಗಿರುತ್ತದೆ: ‘ಮೈಕ್‌ಸೆಟ್ ಹಚ್ಚಾಕ ಯಾವ ಕಾಲೇಜ್ ಬೇಕೋ? ಪೆಂಡಾಲದವರ ಹಿಂದ ಒಂದು ಸೀಜನ್ ಅಡ್ಡಾಡು, ತಾನ ಬರ್ತೈತಿ.’ ಧಾರವಾಡಕ್ಕೆ ಹೋಗಿ ಸಂಗೀತ ಬಲ್ಲ ಹಿರಿಯರನ್ನು ಕೇಳಿದರೆ, ‘ತಮ್ಮಾ, ಸಂಗೀತ ಇರೋದು ಕಂಠದಾಗ. ಗುಂಡಿ ತಿರುವವರಿಗೆ ಅದು ಹ್ಯಾಂಗ ಸಿಗ್ತದ?’ ಎಂಬ ಮಾತು ಬರುತ್ತದೆ. ಓರಗೆಯ ಗೆಳೆಯರದು ಇನ್ನೊಂದು: ‘ಇಲ್ಲೇನೈತಿ ಮಣ್ಣು? ಕಲಿಯೂದಿದ್ರ ಬೆಂಗ್ಳೂರಿಗೆ ಹೋಗು, ಇಲ್ಲಾಂದ್ರ ಮುಂಬೈ.’

ಮೂವರೂ ಬೇರೆ ಬೇರೆ ಮಾತಾಡಿದಂತೆ ಕಾಣುತ್ತದೆ. ಒಳಗಿನ ನಂಬಿಕೆ ಮಾತ್ರ ಒಂದೇ. ಶಬ್ದವನ್ನು ಹಿಡಿಯುವುದು, ಅಳೆಯುವುದು, ತಿದ್ದುವುದು, ಜನರ ಕಿವಿಗೆ ಮುಟ್ಟಿಸುವುದು ಇವೆಲ್ಲ ನಮ್ಮ ಸೀಮೆಯಲ್ಲಿ ಕೂತು ಓದುವಂಥ ವಿದ್ಯೆಯಲ್ಲ ಎಂಬ ನಂಬಿಕೆ ಅದು. ಅದರ ಫಲ ಎರಡು ಕಡೆ ಕಾಣುತ್ತಿದೆ. ಹಳ್ಳಿಯ ಮನೆಗಳು ಲಕ್ಷಗಟ್ಟಲೆ ಸಾಲ ಮಾಡಿ ಮಕ್ಕಳನ್ನು ದೂರದ ಖಾಸಗಿ ಅಕಾಡೆಮಿಗಳಿಗೆ ಕಳಿಸುತ್ತಿವೆ. ಇತ್ತ ನಮ್ಮ ಭಜನೆ, ಸಣ್ಣಾಟ, ಖ್ಯಾಲ್ ಗಾಯನ, ಜಗ್ಗಲಿಗೆ ಎಲ್ಲವೂ ಅವುಗಳ ನಾದ ಗೊತ್ತಿಲ್ಲದವರ ಕೈಯಲ್ಲಿ ಮುದ್ರಣವಾಗುತ್ತಿವೆ, ಇಲ್ಲವೇ ಮುದ್ರಣವೇ ಆಗದೆ ಹೋಗುತ್ತಿವೆ.

ಹಿರಿಯರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೂರರಲ್ಲಿ ಹೆಚ್ಚು ಮರ್ಯಾದೆ ಅದಕ್ಕೇ ಇದೆ, ಹೆಚ್ಚು ಹಾನಿ ಮಾಡಿದ್ದೂ ಅದೇ. ಕಂಠ ಈಚೆ, ಯಂತ್ರ ಆಚೆ ಎಂದು ಗೆರೆ ಎಳೆಯುವವರು ತಮ್ಮ ಘರಾಣೆಯ ಚರಿತ್ರೆಯನ್ನೇ ಮರೆತಿದ್ದಾರೆ. 1933ರಲ್ಲಿ ಹನ್ನೊಂದರ ಹುಡುಗ ಭೀಮಸೇನ ಜೋಶಿ ಗದಗಿನ ಮನೆ ಬಿಟ್ಟು ಓಡಿದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಆ ಹುಡುಗನನ್ನು ಎಬ್ಬಿಸಿ ಓಡಿಸಿದ್ದು ಯಾವ ಮೆಹಫಿಲ್ಲೂ ಅಲ್ಲ. ಅಂಗಡಿಯೊಂದರಲ್ಲಿ ತಿರುಗುತ್ತಿದ್ದ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆ, ಝಿಂಝೋಟಿಯ ಒಂದು ಠುಮ್ರಿ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಮಾತ್ರ ಹಿಡಿಯುತ್ತಿದ್ದ ಕಾಲ. ಹಾಡುಗಾರರನ್ನು ಎಷ್ಟು ದೂರ ಕೂರಿಸಬೇಕು, ತಬಲಾವನ್ನು ಎಷ್ಟು ಹಿಂದೆ ಸರಿಸಬೇಕು, ಮೇಲಿನ ಷಡ್ಜಕ್ಕೆ ಹೋದಾಗ ಸೂಜಿ ಕುಣಿಯದಂತೆ ಹೇಗೆ ನೋಡಿಕೊಳ್ಳಬೇಕು ಎಂದು ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯ ಆ ತಟ್ಟೆ ಮುದ್ರಿಸಿದ ಕೋಣೆಯಲ್ಲಿದ್ದ. ಅವನ ಹೆಸರನ್ನು ನಾವು ಯಾರೂ ಹೇಳುವುದಿಲ್ಲ. ಅವನಿಲ್ಲದಿದ್ದರೆ ಭಾರತರತ್ನ ಭೀಮಸೇನರ ಪ್ರಯಾಣ ಬೇರೆ ಎಲ್ಲಿಂದಲೋ ಶುರುವಾಗಬೇಕಿತ್ತು.

ಖಾನ್ ಸಾಹೇಬರಂತೂ ಯಂತ್ರ, ಅಳತೆ ಎಂದರೆ ಮೂಗು ಮುರಿದವರಲ್ಲ. 1910ರ ಸುಮಾರಿಗೆ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಶ್ರುತಿಗಳನ್ನು ಅಳೆಯಲು ಹೊರಟಾಗ ಅದಕ್ಕೆ ತಮ್ಮ ಕಂಠ ಕೊಟ್ಟವರು ಅವರು. ಇಂದು ನಾವು ಕಿರಾಣಾ ಎಂದು ಎದೆ ತಟ್ಟಿಕೊಳ್ಳುವ ಘರಾಣೆಯ ಹಿರಿಯರೇ ಒಂದು ಧ್ವನಿಶಾಸ್ತ್ರದ ಪ್ರಯೋಗದಲ್ಲಿ ಕೂತಿದ್ದರು. ಹತ್ತು ವರ್ಷದ ಮೇಲೆ ಸಿ.ವಿ. ರಾಮನ್ ಮೃದಂಗ-ತಬಲಾಗಳ ಚರ್ಮದಿಂದ ಸ್ವರಬದ್ಧ ನಾದ ಹೇಗೆ ಹೊರಡುತ್ತದೆಂದೂ, ತಂಬೂರಿಯ ಕುದುರೆ ಮತ್ತು ಅದರ ಮೇಲಿನ ನೂಲು ತಂತಿಯ ನಾದವನ್ನು ಹೇಗೆ ಅರಳಿಸುತ್ತವೆಂದೂ ಬರೆದರು. ಇದನ್ನೆಲ್ಲ ಸಂಗೀತದ ಹೊರಗಿನ ವಿಷಯ ಎಂದವರು ಯಾರು, ಎಂದಿನಿಂದ? ನಮ್ಮ ಮನಸೂರ ಹಳ್ಳಿಯ ಮಲ್ಲಿಕಾರ್ಜುನ ಮನಸೂರರು ಎಚ್‌ಎಂವಿಯಲ್ಲಿ ಸಂಗೀತ ನಿರ್ದೇಶಕರಾಗಿ ದುಡಿದರು, ಆಮೇಲೆ ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾದರು. 1950ರ ಜನವರಿ 8ರಂದು ಶುರುವಾದ ಆ ನಿಲಯ ಇಲ್ಲದಿದ್ದರೆ ಅಣ್ಣಿಗೇರಿಯ, ಕಲಘಟಗಿಯ ಹೊಲಗಳಲ್ಲಿ ದುಡಿಯುವವರಿಗೆ ಈ ಮಹಾನುಭಾವರ ಕಂಠ ಕೇಳುತ್ತಿತ್ತೇ? ಮನೆಗೆ ಬಂದ ಪ್ರತಿಯೊಂದು ಆಲಾಪದ ಹಿಂದೆ ಗಾಜಿನ ಆಚೆ ಕೂತು ಹೆಡ್‌ಫೋನ್ ಹಾಕಿಕೊಂಡ ಒಬ್ಬ ನೌಕರ ಇದ್ದ. ಅವನದು ಬರೀ ನೌಕರಿ, ಹಾಡಿದವರದು ವಿದ್ಯೆ ಎಂದು ನಾವು ತೀರ್ಮಾನಿಸಿಬಿಟ್ಟೆವು.

‘ಕಲಿಯೂದಿದ್ರ ದೂರ ಹೋಗು’ ಅನ್ನುವ ಗೆಳೆಯರಿಗೂ ಕುಂದಗೋಳ ಒಂದು ಮಾತು ಹೇಳುತ್ತದೆ. ಭೀಮಸೇನರು ಗ್ವಾಲಿಯರ್, ಕೋಲ್ಕತ್ತ, ದೆಹಲಿ ಎಲ್ಲ ಅಲೆದು ಜಲಂಧರ್ ಮುಟ್ಟಿದಾಗ ವಿನಾಯಕರಾವ್ ಪಟವರ್ಧನರು ಅವರಿಗೆ ಹೇಳಿದ್ದು, ವಾಪಸು ನಿನ್ನ ಸೀಮೆಗೇ ಹೋಗು, ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿ ಎಂದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಅವರ ಪಾಠಕ್ಕೆ ಹೋಗುತ್ತಿದ್ದರು. ಪೇಟೆಯಿಂದ ಹಳ್ಳಿಗೆ ವಿದ್ಯೆ ಅರಸಿ ಬಂದ ದಾರಿ ಅದು. ಗುರು ಎಲ್ಲಿದ್ದಾನೋ ಅದೇ ವಿದ್ಯೆಯ ಊರು ಎಂಬುದು ನಮಗೆ ಹಾಡಿನ ಮಟ್ಟಿಗೆ ಗೊತ್ತು. ಶಬ್ದದ ವಿದ್ಯೆಗೆ ಮಾತ್ರ ಗುರುವಿಗಿಂತ ಗಾಜಿನ ಕಟ್ಟಡ ಮುಖ್ಯ ಎಂದುಕೊಂಡಿದ್ದೇವೆ.

ಹಾಗಾದರೆ ಇಲ್ಲಿ ಏನಿದೆ? ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರಿಸಬೇಕು.

ಮೊದಲು ತಂಬೂರಿ. ಕರಿ ಒಂದರ ಷಡ್ಜಕ್ಕೆ ಕೂಡಿಸಿದ ತಂತಿ ಸೆಕೆಂಡಿಗೆ ಸುಮಾರು 138.6 ಸಲ ಕಂಪಿಸುತ್ತದೆ. ಅದರ ಐದು ಪಟ್ಟಿನ ಎತ್ತರದಲ್ಲಿ, ಅಂದರೆ 693 ಹರ್ಟ್ಜ್ ಹತ್ತಿರ, ಯಾರೂ ಮೀಟದ ಗಾಂಧಾರವೊಂದು ತಾನೇ ಎದ್ದು ಬರುತ್ತದೆ. ಹಾಡುವವರು ಸ್ವಯಂಭೂ ಗಾಂಧಾರ ಅನ್ನುವುದು ಇದನ್ನೇ. ಈಗ ಊರ ಭಜನಾ ಮಂಡಳಿಯ ಹಾರ್ಮೋನಿಯಂ ತಂದು ಅದೇ ಎತ್ತರದ ಗಾಂಧಾರ ಒತ್ತಿ. ಶ್ರುತಿ ಸರಿಯಿರುವ ಪೆಟ್ಟಿಗೆಯಾದರೆ ಅದು 698 ಹರ್ಟ್ಜ್ ಸುತ್ತ ನುಡಿಯುತ್ತದೆ. ಎರಡೂ ಕೂಡಿದಾಗ ಸೆಕೆಂಡಿಗೆ ಐದಾರು ಸಲ ಒಂದು ಅಲುಗಾಟ ಕೇಳುತ್ತದೆ. ಈ ಅಲುಗಾಟವನ್ನು ಕಿವಿಯಲ್ಲಿ ಹಿಡಿದ ವಿದ್ಯಾರ್ಥಿಗೆ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪೆಟ್ಟಿಗೆಯ ಸ್ವರಕ್ಕೂ ಕಂಠ ಅರಸುವ ಸ್ವರಕ್ಕೂ ಎಷ್ಟು ಅಂತರವಿದೆ ಎಂದು ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ. ಸ್ವರ ತಿದ್ದುವ ಆಟೋಟ್ಯೂನ್ 1997ರಲ್ಲಿ ಮಾರುಕಟ್ಟೆಗೆ ಬಂತು. ಸುಮ್ಮನೆ ಹಾಕಿಬಿಟ್ಟರೆ ಅದು ಹಾಡನ್ನು ಎಳೆದು ತಂದು ಕೂರಿಸುವುದು ಈ ಸಮಪಾಲಿನ ಮನೆಗಳಲ್ಲೇ. ಮೀಂಡಿನ ನಡುದಾರಿ ಮೆಟ್ಟಿಲಾಗುತ್ತದೆ, ತೋಡಿಯ ಗಾಂಧಾರ ತನ್ನ ಜಾಗ ಬಿಡುತ್ತದೆ. ಯಾವಾಗ ಆ ಗುಂಡಿಯನ್ನು ಮುಟ್ಟಬಾರದು ಎಂದು ಹೇಳಿಕೊಡುವ ಕಿವಿ ಕುಂದಗೋಳದಲ್ಲಿ ಬೆಳೆಯುವಷ್ಟು ಸಹಜವಾಗಿ ಮಹಾನಗರದ ತರಗತಿಯಲ್ಲಿ ಬೆಳೆಯುವುದಿಲ್ಲ.

ಗಂಗೂಬಾಯಿಯವರ ಧ್ವನಿಯನ್ನೇ ತೆಗೆದುಕೊಳ್ಳಿ. ಮೊದಲ ತಟ್ಟೆಗಳಲ್ಲಿ ಅದು ತೆಳು, ಎತ್ತರದ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ತಗ್ಗಿಗೆ ಇಳಿದು, ಗಂಡುದನಿಯಂತೆ ದಪ್ಪವಾಗಿ, ಆ ದಪ್ಪದಲ್ಲೇ ಲೋಕಪ್ರಸಿದ್ಧವಾಯಿತು. ಈಗಿನ ಮಿಕ್ಸಿಂಗ್ ಪಾಠಗಳಲ್ಲಿ ಬಾಯಿಪಾಠವಾಗಿ ಬರುವ ಸಲಹೆ ಒಂದಿದೆ: ಹೆಂಗಸಿನ ಕಂಠವಾದರೆ ಕೆಳಗಿನ ಪಟ್ಟಿಗಳನ್ನು ಕತ್ತರಿಸು, 300 ಹರ್ಟ್ಜ್ ಸುತ್ತಲಿನ ‘ಕೆಸರು’ ತೆಗೆ, ಮೇಲೆ ಹೊಳಪು ಏರಿಸು. ಗಂಗೂಬಾಯಿಯವರ ಕಂಠಕ್ಕೆ ಇದನ್ನು ಮಾಡಿದರೆ ಉಳಿಯುವುದು ಬೇರೆ ಯಾರದೋ ಧ್ವನಿ. ಆ ಕಂಠದ ಒಡಲು ಇರುವುದೇ ಆ ‘ಕೆಸರಿ’ನಲ್ಲಿ. ಜೋರು ಮತ್ತು ಮೆಲುದನಿಯ ಅಂತರ ಕುಗ್ಗಿಸುವ ಕಂಪ್ರೆಸರಿನದೂ ಇದೇ ಹಣೆಬರಹ. ಪಾಪ್ ಹಾಡಿಗೆ ಹಾಕುವಷ್ಟು ಬಿಗಿಯಾಗಿ ವಿಲಂಬಿತ ಖ್ಯಾಲಿಗೆ ಹಾಕಿದರೆ, ಗಾಯಕರು ಉಸಿರು ತೆಗೆದುಕೊಂಡಾಗಲೆಲ್ಲ ಹಿಂದಿನ ತಂಬೂರಿ ಉಬ್ಬಿ ಮುಂದೆ ಬರುತ್ತದೆ, ಹಾಡು ಶುರುವಾದೊಡನೆ ಕುಸಿಯುತ್ತದೆ. ನಮ್ಮ ಭಾಗದ ಎಷ್ಟೋ ಮುದ್ರಣಗಳಲ್ಲಿ ಈ ಉಬ್ಬುತಗ್ಗು ಕೇಳುತ್ತದೆ. ಕೇಳಿಸಿಕೊಂಡವರು ಗಾಯಕರನ್ನು ಬೈಯುತ್ತಾರೆ.

ಇನ್ನು ಕೋಣೆಯ ವಿಚಾರ. ಸ್ಟುಡಿಯೋ ಎಂದರೆ ಗೋಡೆಗೆ ಕಪ್ಪು ಸ್ಪಂಜು ಅಂಟಿಸಿದ ಕೋಣೆ ಎಂದು ವಿಡಿಯೋ ನೋಡಿ ನಂಬಿದ ಹುಡುಗರಿಗೆ ಒಂದು ಲೆಕ್ಕ ಹೇಳಬೇಕು. 100 ಹರ್ಟ್ಜ್ ಶಬ್ದದ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಎರಡು ಇಂಚಿನ ಸ್ಪಂಜು ಅದನ್ನು ತಡೆಯುವುದಿಲ್ಲ, ಗೋಡೆಗೆ ಹಚ್ಚಿದ ನವಲಗುಂದದ ಜಮಖಾನೆಯೂ ತಡೆಯುವುದಿಲ್ಲ. ತೆಳು ಬಟ್ಟೆ ಹೀರುವುದು ಎತ್ತರದ ಶಬ್ದವನ್ನಷ್ಟೇ. ತಗ್ಗಿನದು ಹಾಗೇ ಉಳಿದು, ಹೊಳಪು ಕಳೆದುಕೊಂಡ ಕೋಣೆ ಡಬ್ಬದಂತೆ ಗುಂಯ್‌ಗುಡುತ್ತದೆ. ತಗ್ಗಿನ ಶಬ್ದಕ್ಕೆ ದಪ್ಪ ಬೇಕು, ಆಳ ಬೇಕು. ಅಣ್ಣಿಗೇರಿ, ನವಲಗುಂದ, ಕುಂದಗೋಳ ಹತ್ತಿ ಬೆಳೆಯುವ ಎರೆಸೀಮೆ. ಅರಳೆ ತುಂಬಿದ ಅಂಡಿಗೆಗಳನ್ನು ಕೋಣೆಯ ಮೂಲೆಗಳಲ್ಲಿ ನೆಲದಿಂದ ಜಂತಿಯವರೆಗೆ ಒಟ್ಟಿ ನೋಡಿ. ಪೇಟೆಯಲ್ಲಿ ಬಾಸ್ ಟ್ರ್ಯಾಪ್ ಎಂದು ಮಾರುವ ಸರಕು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. (ಬೆಂಕಿಯ ಭಯ ಇದೆ. ಬೀಡಿ ಸೇದುವವರನ್ನು ಒಳಗೆ ಬಿಡಬಾರದು.) ಅಜ್ಜಿ ಹೊಲಿದ ಕೌದಿಗಳು ಹತ್ತು ಪದರ ಇದ್ದರೆ ಮಧ್ಯದ ಪಟ್ಟಿಗಳಿಗೆ ಸಾಕು. ದಪ್ಪ ಮಣ್ಣಿನ ಗೋಡೆ, ಜಂತಿಯ ಮಾಳಿಗೆ ಇರುವ ಹಳೆಯ ಮನೆ ಹೊರಗಿನ ಶಬ್ದವನ್ನು ತಡೆಯುವಷ್ಟು ಹೊಸ ಸಿಮೆಂಟ್ ಬ್ಲಾಕಿನ ಮನೆ ತಡೆಯುವುದಿಲ್ಲ. ಅಂಥ ಮನೆಗಳನ್ನು ಕೆಡವುತ್ತಾ ಧ್ವನಿಗ್ರಹಣಕ್ಕೆ ಜಾಗ ಇಲ್ಲ ಅನ್ನುತ್ತೇವೆ.

ಗುಂಗು ಬೇಕೆನ್ನುವವರಿಗೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಇದೆ. ಹನ್ನೊಂದನೆಯ ಶತಮಾನದ ಕಟ್ಟಡ, 76 ಕಂಬಗಳು. ಎಲ್ಲ ಕಲ್ಲು. ಅನುಮತಿ ಪಡೆದು, ಜನ ಇಲ್ಲದ ಹೊತ್ತಿನಲ್ಲಿ ಒಂದು ಬಲೂನು ಒಡೆದು ಅದರ ಪ್ರತಿಧ್ವನಿಯನ್ನು ಒಳ್ಳೆಯ ರೆಕಾರ್ಡರಿನಲ್ಲಿ ಹಿಡಿದರೆ, ಉಚಿತ ತಂತ್ರಾಂಶದಲ್ಲೇ ಆ ಗುಡಿಯ ಗುಂಗನ್ನು ಯಾವ ಹಾಡಿಗಾದರೂ ಹೊದಿಸಬಹುದು. ಜಗತ್ತಿನ ಇಗರ್ಜಿಗಳ, ಸಭಾಭವನಗಳ ಗುಂಗು ಹೀಗೆ ಹಿಡಿದಿಟ್ಟಿದ್ದು ಮಾರಾಟಕ್ಕೆ ಸಿಗುತ್ತದೆ. ನಮ್ಮ ವಚನಗಾಯನದ ಹಿಂದೆ ಯೂರೋಪಿನ ಯಾವುದೋ ಇಗರ್ಜಿ ಮೊಳಗುತ್ತಿರುತ್ತದೆ, ನಮಗೆ ಅದರ ಅರಿವೂ ಇರುವುದಿಲ್ಲ. ಕಾಳು ತುಂಬಲು ನೆಲದೊಳಗೆ ತೋಡಿದ, ಈಗ ಹಾಳುಬಿದ್ದ ಹಗೇವು ಇದ್ದರೆ ಇನ್ನೂ ಮಜಾ. ಹಾಲಿವುಡ್ಡಿನ ಕ್ಯಾಪಿಟಲ್ ಸ್ಟುಡಿಯೋ ತನ್ನ ಕಟ್ಟಡದ ಕೆಳಗೆ ನೆಲದಾಳದಲ್ಲಿ ಪ್ರತಿಧ್ವನಿಯ ಕೋಣೆಗಳನ್ನು ಕಟ್ಟಿಸಿ ದಶಕಗಟ್ಟಲೆ ಅವುಗಳ ಗುಂಗನ್ನು ಹಾಡುಗಳಿಗೆ ಬಳಸಿತು. ಹಗೇವಿಗೆ ಒಂದು ಸ್ಪೀಕರ್, ಒಂದು ಮೈಕ್ ಇಳಿಬಿಟ್ಟು ನೋಡಬಹುದು. ಕಲ್ಲು ಕಟ್ಟಿದ್ದರೆ ಒಂದು ಬಗೆ, ಬರೀ ಮಣ್ಣಾದರೆ ಇನ್ನೊಂದು. ಮನುಷ್ಯ ಮಾತ್ರ ಇಳಿಯಕೂಡದು, ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ.

ಹೋಳಿ ಹುಣ್ಣಿಮೆಯ ಜಗ್ಗಲಿಗೆಗಿಂತ ದೊಡ್ಡ ಪಾಠ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಚಕ್ಕಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದ ಆ ವಾದ್ಯವನ್ನು ಮೊಬೈಲಿನಲ್ಲಿ ಮುದ್ರಿಸಿದವರಿಗೆ ಗೊತ್ತು, ಕೇಳುವುದು ಬರೀ ಪಟಪಟ. ಯಾಕೆ? ಫೋನಿನ ಮೈಕ್ ತಗ್ಗಿನ ಶಬ್ದವನ್ನು ಕತ್ತರಿಸುತ್ತದೆ, ಏಟು ಬಿದ್ದಾಗ ತಾನೇ ಮಟ್ಟ ಇಳಿಸುತ್ತದೆ, ಇಳಿಸುವಷ್ಟರಲ್ಲಿ ಅಲೆಯ ತಲೆ ಹಾರಿಹೋಗಿರುತ್ತದೆ. 24 ಬಿಟ್‌ನಲ್ಲಿ, ಏಟಿನ ತುದಿಗೂ ಮೇಲೆ ಹನ್ನೆರಡು ಡೆಸಿಬೆಲ್ ಖಾಲಿ ಬಿಟ್ಟು ಮುದ್ರಿಸಿದರೆ ಅದೇ ವಾದ್ಯ ಎದೆಗೆ ಬಡಿಯುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಮಟ್ಟ ಆರು ಡೆಸಿಬೆಲ್ ಇಳಿಯುತ್ತದೆ ಎಂಬ ಭೌತಶಾಸ್ತ್ರದ ನಿಯಮವನ್ನು ನವಲಗುಂದದ ಕಾಮಣ್ಣನ ಮುಂದೆ ಹೆಜ್ಜೆ ಅಳೆದು ಕಲಿಯಬಹುದು. ಎರಡು ಮೈಕ್ ಇಟ್ಟು, ಒಂದರ ಅಲೆ ಇನ್ನೊಂದನ್ನು ತಿಂದುಹಾಕಿ ಶಬ್ದ ಬಡಕಲಾಗುವುದನ್ನು ಒಮ್ಮೆ ಕೇಳಿದವನು ಅಲೆಗಳ ಹೊಂದಾಣಿಕೆಯ ಪಾಠವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಕಲಘಟಗಿಗೆ ಹೋದರೆ ಶಬ್ದಲೋಕವೇ ಬದಲು. ಅಲ್ಲಿನ ಮಳೆ ಸಾಗವಾನಿಯ ಅಗಲ ಎಲೆಯ ಮೇಲೆ ಬೀಳುತ್ತದೆ, ನವಲಗುಂದದ ಮಳೆ ಎರೆಮಣ್ಣಿನ ಮೇಲೆ. ಉತ್ತರ ಕರ್ನಾಟಕದ ಕಥೆ ಎಂದು ಬರುವ ಸಿನಿಮಾಗಳಲ್ಲಿ ಎರಡಕ್ಕೂ ಒಂದೇ ಮಳೆ, ಅದೇ ಕಪ್ಪೆ, ಅದೇ ನಾಯಿ. ಎಲ್ಲವೂ ಸಿದ್ಧ ಸಂಗ್ರಹದಿಂದ ಎತ್ತಿದ್ದು. ನಮ್ಮ ಸೀಮೆಯ ಶಬ್ದಸಂಗ್ರಹ ಮಾಡಲು ಕ್ಯಾಮೆರಾ ಬೇಡ, ಸ್ಟುಡಿಯೋ ಬೇಡ, ತಾಳ್ಮೆ ಇರುವ ಒಬ್ಬ ವಿದ್ಯಾರ್ಥಿ ಸಾಕು.

ಈಗ ಅಪ್ಪನ ಮಾತು. ‘ಮೈಕ್‌ಸೆಟ್ ಹಚ್ಚಾಕ ಕಾಲೇಜ್ ಯಾಕ’ ಅನ್ನುವುದರಲ್ಲಿ ಅರ್ಧ ಸತ್ಯವಿದೆ. ಊರ ಮೈಕ್‌ಸೆಟ್ಟಿನವರನ್ನು ನಾನು ಹಗುರಾಗಿ ಕಾಣುವವನಲ್ಲ. ಜಾತ್ರೆಯ ಗದ್ದಲದಲ್ಲಿ, ಕರೆಂಟು ಹೋಗಿ ಬರುವ ಹೊತ್ತಿನಲ್ಲಿ, ಅಹುಜಾ ಆಂಪ್ಲಿಫೈಯರ್ ಒಂದನ್ನೇ ನಂಬಿ ಇಡೀ ರಾತ್ರಿ ಸಣ್ಣಾಟ ನಡೆಸಿಕೊಡುವವನ ಕೈಚಳಕ ಅಕಾಡೆಮಿಯ ಎಷ್ಟೋ ಪದವೀಧರರಿಗೆ ಇಲ್ಲ. ಆದರೆ ಮೈಕ್ ಕೂಗಿದಾಗ ಅವನು ಮಾಡುವುದು ಒಂದೇ, ಪೂರ್ತಿ ಸೌಂಡ್ ಇಳಿಸುವುದು. ಪಾತ್ರಧಾರಿಯ ಮಾತು ಹಿಂದೆ ಕೂತವರಿಗೆ ಕೇಳದೆ ಹೋಗುತ್ತದೆ. ಕೂಗುವುದು ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಸೇರಿ ಸುತ್ತು ಹೊಡೆಯುವುದರಿಂದ, ಅದೂ ಯಾವುದೋ ಒಂದೆರಡು ಪಟ್ಟಿಗಳಲ್ಲಿ ಮಾತ್ರ. ಆ ಪಟ್ಟಿ ಯಾವುದೆಂದು ಕಿವಿಯಲ್ಲಿ ಗುರುತಿಸಿ ಅಷ್ಟನ್ನೇ ಇಳಿಸಬೇಕು, ಸ್ಪೀಕರನ್ನು ಮೈಕಿನ ಬೆನ್ನಿಗೆ ಬರುವಂತೆ ಸರಿಸಬೇಕು, ಹಾಡುಗಾರ ಮೈಕಿನ ಜಾಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚದಂತೆ ಹೇಳಬೇಕು. ಮುಚ್ಚಿದರೆ ಮೈಕ್ ಮುಂದಿನದನ್ನಷ್ಟೇ ಕೇಳುವ ಗುಣ ಕಳೆದುಕೊಂಡು ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಇದು ಪೆಂಡಾಲದ ಹಿಂದೆ ಅಡ್ಡಾಡಿದರೆ ತಾನೇ ಬರುವಂಥದ್ದಲ್ಲ, ಬಂದಿದ್ದರೆ ಇಷ್ಟು ವರ್ಷದಲ್ಲಿ ನಮ್ಮ ಜಾತ್ರೆಗಳಲ್ಲಿ ಕೂಗು ನಿಲ್ಲಬೇಕಿತ್ತು.

ಕಿವಿಯ ಆರೋಗ್ಯದ ಮಾತಂತೂ ಯಾರೂ ಎತ್ತುವುದಿಲ್ಲ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ ಎಂಬುದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ಹಾಕಿದ ಗಡಿ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧವಾಗುತ್ತದೆ, 100ಕ್ಕೆ ಹೋದರೆ ಕಾಲು ತಾಸು ಮಾತ್ರ. ಟ್ರ್ಯಾಕ್ಟರಿಗೆ ಡಿಜೆ ಕಟ್ಟಿ ಅದರ ಮುಂದೆ ಕುಣಿಯುವ, ಅದರ ಪಕ್ಕದಲ್ಲೇ ಕೂತು ಗುಂಡಿ ತಿರುವುವ ಹುಡುಗರು ಇಪ್ಪತ್ತೈದಕ್ಕೇ ಎತ್ತರದ ಶಬ್ದಗಳನ್ನು ಕಳೆದುಕೊಳ್ಳುವ ದಾರಿಯಲ್ಲಿದ್ದಾರೆ. ಹೋದ ಕಿವಿ ವಾಪಸು ಬರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬೇಡ ಎಂದಿವೆ. ಅಳೆಯಲು ಬಲ್ಲವರು ತಾಲ್ಲೂಕಿಗೆ ಎಷ್ಟು ಜನ ಇದ್ದಾರೆ?

ಉತ್ತರ ಕರ್ನಾಟಕದ ‘ಜಾನಪದ ಸಾಂಗ್’ ಎಂದು ಯೂಟ್ಯೂಬಿನಲ್ಲಿ ಓಡುತ್ತಿರುವ ಹಾಡುಗಳನ್ನು ನೋಡಿ ಧಾರವಾಡದ ಸುಸಂಸ್ಕೃತರು ಮುಖ ಕಿವುಚುತ್ತಾರೆ. ನನಗೆ ಆ ಹುಡುಗರ ಮೇಲೆ ಸಿಟ್ಟಿಲ್ಲ. ಯಾವ ಕಾಲೇಜೂ ಕರೆಯದೆ, ಯಾವ ಗುರುವೂ ಹತ್ತಿರ ಕೂರಿಸಿಕೊಳ್ಳದೆ, ಕಂಪ್ಯೂಟರ್ ಒಂದನ್ನಿಟ್ಟುಕೊಂಡು ಒಂದು ಉದ್ಯಮವನ್ನೇ ಕಟ್ಟಿದರು. ಆದರೆ ಎಲ್ಲರದೂ ಒಂದೇ ತಾಳದ ಪ್ಯಾಚ್, ಹಾಡು ಜೋರಾಗಿ ಕೇಳಬೇಕೆಂದು ಕೊನೆಯಲ್ಲಿ ಲಿಮಿಟರ್ ಹಾಕಿ ಹಿಂಡಿ ಹಿಪ್ಪೆ ಮಾಡುವುದು ಬೇರೆ. ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್ (ಹಾಡು ಎಷ್ಟು ಜೋರೆಂಬುದರ ಅಳತೆ) ಮಟ್ಟಕ್ಕಿಂತ ಜೋರಾದ ಹಾಡನ್ನು ತಾನೇ ಇಳಿಸಿ ಕೇಳಿಸುತ್ತದೆ. ಹಿಂಡಿದ್ದರಿಂದ ಹಾಡು ಜೋರೂ ಆಗಲಿಲ್ಲ, ಡೊಳ್ಳಿನ ಏಟೂ ಸತ್ತಿತು. ಇದನ್ನು ಅವರಿಗೆ ಹೇಳಿಕೊಡುವವರಿಲ್ಲ, ಮುಖ ಕಿವುಚುವವರು ಮಾತ್ರ ಇದ್ದಾರೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಮಾತು ಒಂದಿದೆ: ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗಲೇಬೇಕಲ್ಲ? ಸಿನಿಮಾದ ಡಬ್ಬಿಂಗ್, ಅಟ್ಮಾಸ್ ಮಿಕ್ಸಿಂಗ್, ಜಾಹೀರಾತು ಇವೆಲ್ಲ ಬೆಂಗಳೂರು, ಚೆನ್ನೈ, ಮುಂಬೈಗಳಲ್ಲೇ ಇವೆ. ಸರಿಯಾದ ಅಳತೆಯ ಕೋಣೆಯಲ್ಲಿ ಕೂತು ದೊಡ್ಡ ಕನ್ಸೋಲಿನ ಮುಂದೆ ಹಿರಿಯನೊಬ್ಬನ ಪಕ್ಕ ಕಲಿಯುವುದಕ್ಕೆ ಸಾಟಿ ಇಲ್ಲ. ಒಪ್ಪಿದೆ. ಮನೆಯಲ್ಲಿ ಕೂತು ವಿಡಿಯೋ ನೋಡಿದರೆ ಎಲ್ಲ ಬರುತ್ತದೆ ಎಂಬ ಇನ್ನೊಂದು ತುದಿಯ ಭ್ರಮೆಯೂ ನನಗಿಲ್ಲ. ನಿನ್ನ ಮಿಕ್ಸಿನಲ್ಲಿ ಏನು ತಪ್ಪಿದೆ ಎಂದು ವಿಡಿಯೋ ಹೇಳುವುದಿಲ್ಲ, ಅದಕ್ಕೆ ಇನ್ನೊಬ್ಬರ ಕಿವಿ ಬೇಕು. ನನ್ನ ಜಗಳ ಇರುವುದು ಮೊದಲ ಹೆಜ್ಜೆಯ ಬಗ್ಗೆ. ಎಕ್ಸ್‌ಎಲ್‌ಆರ್ ಕೇಬಲ್ ಯಾವುದು, ಗೇನ್ ಎಂದರೇನು ಎಂದು ತಿಳಿಯಲು ಎಕರೆ ಹೊಲ ಅಡವಿಟ್ಟು ಮಹಾನಗರಕ್ಕೆ ಹೋಗುವುದು ಹುಚ್ಚುತನ. ಅಡಾಸಿಟಿ, ಆರ್ಡರ್ ಎಂಬ ಮುಕ್ತ ತಂತ್ರಾಂಶಗಳಿವೆ. ರೀಪರ್ ಅರವತ್ತು ದಿನ ಬಳಸಿ ನೋಡಲು ಬಿಡುತ್ತದೆ, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ಒಂದು ಮೈಕ್, ಒಂದು ಸಣ್ಣ ಇಂಟರ್‌ಫೇಸ್, ಒಳ್ಳೆಯ ಹೆಡ್‌ಫೋನ್ ಇದ್ದರೆ ಎರಡು ವರ್ಷಕ್ಕೆ ಸಾಲುವಷ್ಟು ಅಭ್ಯಾಸ ಕುಂದಗೋಳ ತಾಲ್ಲೂಕೊಂದರಲ್ಲೇ ಸಿಗುತ್ತದೆ. ಶಿಶುನಾಳ ಶರೀಫರ ಗುರು ಗೋವಿಂದ ಭಟ್ಟರ ಕಳಸ, ಬಸವರಾಜ ರಾಜಗುರು ಹುಟ್ಟಿದ ಯಲಿವಾಳ ಎರಡೂ ಅದೇ ತಾಲ್ಲೂಕಿನವು. ಆ ಊರುಗಳ ಭಜನೆ, ತತ್ವಪದ ಎಲ್ಲ ಅಲ್ಲೇ ಇವೆ.

ಕಿವಿ ತಯಾರಾದ ಮೇಲೆ ದೂರ ಹೋಗಲಿ, ಆದರೆ ಮೊದಲು ಸರ್ಕಾರದ ಬಾಗಿಲು ತಟ್ಟಲಿ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ಕಿನಲ್ಲಿ ಬೇರು ಬಿಟ್ಟ ಈ ಓದಿನ ಹೆಸರನ್ನೇ ನಮ್ಮ ತಾಲ್ಲೂಕುಗಳ ಪಿಯು ಕಾಲೇಜುಗಳಲ್ಲಿ ಯಾರೂ ಎತ್ತುವುದಿಲ್ಲ. ಪುಣೆಯ ಎಫ್‌ಟಿಐಐನ ಧ್ವನಿವಿಭಾಗಕ್ಕೆ ಪದವಿ ಬೇಕು, ಜೊತೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು. ‘ಸೈನ್ಸ್ ತಗೊಂಡು ಎಂಜಿನಿಯರ್ ಆಗು’ ಅನ್ನುವ ಅಪ್ಪನಿಗೂ ಇದರಿಂದ ಸಮಾಧಾನವಾಗಬೇಕು. 2009ರಲ್ಲಿ ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಬಂದದ್ದು ಇದೇ ದಾರಿಯಲ್ಲಿ. ಕರೆಂಟಿಲ್ಲದ ಕೇರಳದ ಹಳ್ಳಿಯಲ್ಲಿ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿ, ಭೌತಶಾಸ್ತ್ರ ಕಲಿತು, ಎಫ್‌ಟಿಐಐನ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಸೋತು, ಮತ್ತೆ ಬರೆದು ಸೇರಿದವರು. ಇನ್ನೊಂದು ಉದಾಹರಣೆ ನಮ್ಮವರದೇ. ಕನ್ನಡದ ಮುದ್ರಣಕ್ಕೆ ಮದ್ರಾಸಿಗೆ ಯಾಕೆ ಅಲೆಯಬೇಕು ಎಂದು ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಅಂದು ಬೆಂಗಳೂರು ಕೇಳಿದ ಪ್ರಶ್ನೆಯನ್ನು ಇಂದು ಹುಬ್ಬಳ್ಳಿ-ಧಾರವಾಡ ಕೇಳಬೇಕಾಗಿದೆ.

ಅದಕ್ಕೆ ಬೇಕಾದ ಸಾಮಾನು ಎಲ್ಲ ಇಲ್ಲೇ ಚದುರಿ ಬಿದ್ದಿದೆ. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಧಾರವಾಡದಲ್ಲಿದೆ, ಭೌತಶಾಸ್ತ್ರ ವಿಭಾಗ ಅದೇ ವಿಶ್ವವಿದ್ಯಾಲಯದ್ದು. 2016ರಲ್ಲಿ ಬಂದ ಐಐಟಿಯಲ್ಲಿ ಮಾತಿನ ಧ್ವನಿಯ ಸಂಸ್ಕರಣೆಯ ಸಂಶೋಧನೆ ನಡೆಯುತ್ತದೆ. ಆಕಾಶವಾಣಿಯ ಸ್ಟುಡಿಯೋ ಇದೆ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಗುರುಕುಲ ಇದೆ. (ಅವರ ಹೆಸರಿನ ವಿಶ್ವವಿದ್ಯಾಲಯ ಮಾತ್ರ ಮೈಸೂರಿನಲ್ಲಿದೆ. ಯಾಕೆಂದು ಕೇಳಿದರೆ ನಮ್ಮವರು ಇಂದಿಗೂ ನಗುತ್ತಾರೆ.) ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳ ಕಿವಿಗಳನ್ನು ತಯಾರು ಮಾಡಿದ ಪರಂಪರೆ ಇದೆ. ರೀಪರ್‌ನಂಥ ತಂತ್ರಾಂಶವನ್ನು ಓದಿ ಹೇಳುವ ಉಚಿತ ಸಾಧನಗಳನ್ನಿಟ್ಟುಕೊಂಡು ಜಗತ್ತಿನ ಅನೇಕ ಅಂಧರು ಇಂದು ವೃತ್ತಿಪರ ಮಿಕ್ಸಿಂಗ್ ಮಾಡುತ್ತಿದ್ದಾರೆ. ಪುಣ್ಯಾಶ್ರಮದ ವಿದ್ಯಾರ್ಥಿಗಳಿಗೆ ಹಾಡುವುದು, ನುಡಿಸುವುದು, ಕಲಿಸುವುದು ಬಿಟ್ಟು ಇನ್ನೊಂದು ಉದ್ಯೋಗ ಈ ವಿದ್ಯೆಯಿಂದ ಸಿಗಬಹುದು ಎಂದು ನಮ್ಮ ಸಂಸ್ಕೃತಿ ಇಲಾಖೆಗೆ ಹೊಳೆದರೆ ಒಳ್ಳೆಯದು.

ಕುಂದಗೋಳದ ನಾಡಗೀರ ವಾಡೆಯಲ್ಲಿ ಪ್ರತಿವರ್ಷ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಅಂಥ ರಾತ್ರಿಗಳಲ್ಲಿ ವೇದಿಕೆಯ ಪಕ್ಕ ಮಿಕ್ಸರಿನ ಹಿಂದೆ ಕೂರುವವನು ಎಲ್ಲಿಂದ ಬರಬೇಕು, ಅವನಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆಯನ್ನು ಸಂಘಟಕರು ಗಾಯಕರ ಪಟ್ಟಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಸಂಭಾವನೆಯ ಪಟ್ಟಿಯಲ್ಲೂ, ಆಮಂತ್ರಣ ಪತ್ರಿಕೆಯಲ್ಲೂ ಅವನ ಹೆಸರು ಬರಬೇಕು.

ಕರ್ನಾಟಕ ವಿಶ್ವವಿದ್ಯಾಲಯಕ್ಕೂ ತಾಂತ್ರಿಕ ಶಿಕ್ಷಣ ಇಲಾಖೆಗೂ ಕೇಳುವುದು ದೊಡ್ಡದೇನಲ್ಲ. ಧಾರವಾಡದಲ್ಲಿ ಸರ್ಕಾರಿ ಶುಲ್ಕದ ಧ್ವನಿಗ್ರಹಣ ಡಿಪ್ಲೊಮಾ ಒಂದನ್ನು, ಕನ್ನಡದಲ್ಲೇ ಪಾಠ ಇರುವಂತೆ, ಸಂಗೀತ ಕಾಲೇಜಿನ ಮಗ್ಗುಲಲ್ಲೇ ಶುರು ಮಾಡಿ. ಊರ ಮೈಕ್‌ಸೆಟ್ಟಿನವರಿಗೆ ಬೇಸಿಗೆಯ ಸೀಜನ್ ಮುಗಿದ ಮೇಲೆ ಮಳೆಗಾಲದಲ್ಲಿ ಕಿರು ತರಬೇತಿ ಕೊಡಿ. ಅಲ್ಲಿಯವರೆಗೆ, ನವಲಗುಂದ, ಅಣ್ಣಿಗೇರಿಯ ತಂದೆತಾಯಂದಿರೇ, ದೂರದ ಅಕಾಡೆಮಿಯ ಫೀಸು ಕಟ್ಟುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ನಮ್ಮ ಹುಡುಗ ವಾರಕ್ಕೆ ಎಷ್ಟು ತಾಸು ತಾನೇ ಮೈಕ್ ಹಚ್ಚಿ ಮುದ್ರಿಸುತ್ತಾನೆ, ಅವನ ಕೆಲಸವನ್ನು ಕೂತು ಕೇಳಿ ತಿದ್ದುವವರು ಯಾರು ಎಂದು ಕೇಳಿ. ನೇರ ಉತ್ತರ ಸಿಗದಿದ್ದರೆ ದುಡ್ಡು ಕಟ್ಟಬೇಡಿ.